ಮಾಳಿಗೆಯ ಕಿಂಡಿಯೂ ಮಳೆಯೂ: ಕೊರ್ಲಹಳ್ಳಿ ಸೀಮೆಯ ಮನೆಗಳ ಚರಿತ್ರೆ

ಅಡುಗೆಮನೆಯ ಹೊಗೆ ಹೊರಹೋಗಲು ಮಾಡಿನಲ್ಲಿ ಒಂದು ದಾರಿ ಬೇಕು. ಹೊಗೆ ಹತ್ತಿ ಹೋಗುವ ದಾರಿಯಲ್ಲೇ ಮಳೆನೀರು ಇಳಿದು ಬರುತ್ತದೆ. ಒಲೆಯ ಸುತ್ತ ಮನೆ ಕಟ್ಟಿಕೊಂಡ ಜನರೆಲ್ಲ ಈ ತೊಡಕಿಗೆ ತಮ್ಮ ನೆಲ, ಮಳೆ ಮತ್ತು ಕೈಗೆ ಸಿಗುವ ಸಾಮಗ್ರಿಗೆ ತಕ್ಕ ಉಪಾಯ ಹುಡುಕಿಕೊಂಡಿದ್ದಾರೆ. ಯುರೋಪಿನ ಚಳಿ ನಾಡುಗಳಲ್ಲಿ ಕಲ್ಲು, ಇಟ್ಟಿಗೆಯ ಚಿಮಣಿ ಬೆಳೆಯಿತು. ಅದರ ನೆತ್ತಿಗೆ ಟೋಪಿ, ಬುಡಕ್ಕೆ ಸೀಸದ ತಗಡಿನ ಪಟ್ಟಿ ಬಂದವು. ಉತ್ತರ ಕರ್ನಾಟಕದ ಬಯಲಿನಲ್ಲಿ ಅದೇ ಕೆಲಸಕ್ಕೆ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ತೆರೆಯಲಾಯಿತು. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ ಮತ್ತು ಅದರ ಸುತ್ತಲಿನ ಊರುಗಳ ಹಳೆಯ ಮನೆಗಳು ಈ ಪದ್ಧತಿಗೆ ಸೇರಿದವು.

ಕೊರ್ಲಹಳ್ಳಿ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಊರು. ಎದುರು ದಂಡೆಯಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮದಲಗಟ್ಟಿ ಇದೆ. ಎರಡನ್ನೂ ಸೇತುವೆ ಕೂಡಿಸಿದೆ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದ ಮೇಲೆ ಎಡದಂಡೆಯ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಬಲದಂಡೆಯ ಬಳ್ಳಾರಿ ಸೀಮೆ ಅದಕ್ಕೂ ಮೊದಲೇ, 1800ರಲ್ಲಿ, ನಿಜಾಮನಿಂದ ಕಂಪನಿ ಸರಕಾರಕ್ಕೆ ಬಂದು ಮದರಾಸು ಪ್ರಾಂತದಲ್ಲಿತ್ತು. ನೂರಕ್ಕೂ ಹೆಚ್ಚು ವರ್ಷ ಹೊಳೆಯ ಎರಡೂ ಕಡೆ ಬೇರೆ ಬೇರೆ ಕಚೇರಿ, ಬೇರೆ ಬೇರೆ ಕಾಯಿದೆ ನಡೆದರೂ ಮನೆ ಕಟ್ಟುವ ರೀತಿ ಒಂದೇ ಆಗಿತ್ತು. ಮಳೆ ಮತ್ತು ಮಣ್ಣು ಎರಡೂ ದಂಡೆಗಳಲ್ಲಿ ಒಂದೇ ಆಗಿದ್ದುದು ಇದಕ್ಕೆ ಕಾರಣ.

ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗು ಶುರುವಾಗುತ್ತದೆ. ಅಲ್ಲಿ ಮಳೆ ಹೆಚ್ಚು, ಹಾಗಾಗಿ ಇಳಿಜಾರು ಮಾಡು, ಹುಲ್ಲು ಅಥವಾ ಹಂಚಿನ ಹೊದಿಕೆ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಮಾಡು ಚಪ್ಪಟೆಯಾಗುತ್ತದೆ. ಗದಗ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಬೀಳುವುದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಮಳೆಯಲ್ಲಿ ಮಣ್ಣಿನ ಮಾಳಿಗೆ ನಿಲ್ಲಬಲ್ಲದು. ಮರ ವಿರಳವಾದ, ಬಿಸಿಲು ಕಡುವಾದ ಬಯಲಿಗೆ ಅದೇ ತಕ್ಕದ್ದೂ ಹೌದು. ದಪ್ಪ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡುವುದಿಲ್ಲ; ಕಾಳು ಒಣಗಿಸಲು, ಸಂಡಿಗೆ ಹಾಕಲು, ಬೇಸಿಗೆಯಲ್ಲಿ ಮಲಗಲು ಮಾಳಿಗೆ ಒಂದು ಹೆಚ್ಚಿನ ಅಂಗಳವಾಗುತ್ತದೆ. ಚಪ್ಪಟೆ ಮಣ್ಣಿನ ಮಾಡು ಮತ್ತು ಅದರಲ್ಲಿ ಹೊಗೆಗೊಂದು ಕಿಂಡಿ ಎನ್ನುವುದು ಒಣ ನಾಡುಗಳ ಬಹು ಹಳೆಯ ಉಪಾಯ. ತುರ್ಕಿಯ ಚಾತಾಲ್‌ಹೊಯುಕ್‌ನಲ್ಲಿ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದಿನ ಮನೆಗಳಿಗೆ ಮಾಡಿನ ತೆರಪೇ ಬಾಗಿಲೂ ಆಗಿತ್ತು, ಹೊಗೆಯ ದಾರಿಯೂ ಆಗಿತ್ತು.

ಮೇಲ್ಮುದ್ದೆಯ ಕಟ್ಟೋಣ

ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗೆ ಮೇಲ್ಮುದ್ದೆ ಮನೆ ಎಂಬ ಹೆಸರಿದೆ. ಗೋಡೆ ಕಲ್ಲು-ಮಣ್ಣಿನದು ಅಥವಾ ಬರೀ ಮಣ್ಣಿನದು, ದಪ್ಪ ಎರಡು ಅಡಿಗೆ ಕಡಿಮೆ ಇಲ್ಲ. ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಒತ್ತಾಗಿ ಜೋಡಿಸಿದ ಜಂತಿ. ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎಂದು ಹೆಸರು. ಮನೆಯ ಗಾತ್ರವನ್ನು ಅಂಕಣದ ಲೆಕ್ಕದಲ್ಲೇ ಹೇಳುತ್ತಿದ್ದರು. ಉಳ್ಳವರ ಮನೆಗೆ ಮಲೆನಾಡಿನಿಂದ ಬಂದ ಸಾಗವಾನಿ, ಉಳಿದವರಿಗೆ ಬೇವು, ಜಾಲಿ. ಬಾಗಿಲಿಗೆ ಹತ್ತಿರದ ಅಂಕಣದಲ್ಲಿ ದನ, ಅದರಾಚೆ ಎತ್ತರದ ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ. ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತದ್ದರಿಂದ ಪಕ್ಕದ ಗೋಡೆಯಲ್ಲಿ ಕಿಟಕಿ ಇಡುವಂತಿರಲಿಲ್ಲ. ಕಳ್ಳರ ಭಯಕ್ಕೆ ಹೊರಗೋಡೆಯಲ್ಲೂ ಕಿಟಕಿ ಅಪರೂಪ. ಹೀಗಾಗಿ ಗಾಳಿ, ಬೆಳಕು, ಹೊಗೆ ಮೂರಕ್ಕೂ ಮಾಳಿಗೆಯೊಂದೇ ದಾರಿಯಾಯಿತು.

ಜಂತಿಯ ಮೇಲೆ ಸೀಳಿದ ಕಟ್ಟಿಗೆ ಅಥವಾ ಬಿದಿರು, ಅದರ ಮೇಲೆ ಸೊಪ್ಪು ಹಾಸುತ್ತಿದ್ದರು. ಬಂದರಿಕೆ ಮತ್ತು ಬೇವಿನ ಸೊಪ್ಪಿಗೆ ಬೆಲೆ ಹೆಚ್ಚು, ಏಕೆಂದರೆ ಅವಕ್ಕೆ ಹುಳ ಬೇಗ ಹತ್ತುವುದಿಲ್ಲ. ಸೊಪ್ಪಿನ ಮೇಲೆ ಕಲಸಿದ ಕೆಸರಿನ ಒಂದು ಹಾಸು, ಅದು ಆರಿದ ಮೇಲೆ ಒಣ ಮಣ್ಣಿನ ಹಾಸುಗಳು. ಪ್ರತಿ ಹಾಸಿಗೂ ನೀರು ಚಿಮುಕಿಸಿ ದಮ್ಮಸು ಬಡಿದು ಗಟ್ಟಿ ಮಾಡುತ್ತಿದ್ದರು. ಮಾಳಿಗೆ ನೋಡಲು ಚಪ್ಪಟೆ, ಆದರೆ ಗೌಂಡಿ ಅದಕ್ಕೆ ಒಂದು ಕಡೆಗೆ ಸಣ್ಣ ಇಳಿಜಾರು ಇಟ್ಟಿರುತ್ತಾನೆ. ಅಂಚಿನಲ್ಲಿ ಸುತ್ತ ಕುಂಬಿ. ನೀರು ಹೋಗಲು ಕುಂಬಿಯಲ್ಲಿ ಕಲ್ಲಿನ ಅಥವಾ ಮರದ ದೋಣಿ. ದೋಣಿಯ ಬಾಯಿ ಗೋಡೆಯಿಂದ ಒಂದೆರಡು ಅಡಿ ಹೊರಚಾಚಿರಬೇಕು. ಇಲ್ಲವಾದರೆ ಬೀಳುವ ನೀರು ಗೋಡೆಯನ್ನೇ ಕೊರೆಯುತ್ತದೆ.

ನೀರನ್ನು ಕಟ್ಟಡದಿಂದ ದೂರ ಎಸೆಯುವ, ಸಂದನ್ನು ಮೇಲಿನಿಂದ ಮುಚ್ಚುವ ತಿಳಿವಳಿಕೆ ಈ ಸೀಮೆಯ ಕಲ್ಲುಕೆಲಸದಲ್ಲೂ ಕಾಣುತ್ತದೆ. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಮಾಡಿನಲ್ಲಿ ಎರಡು ಚಪ್ಪಡಿ ಕೂಡುವ ಕಡೆಯಲ್ಲೆಲ್ಲ ಉದ್ದನೆಯ ಕಲ್ಲಿನ ಪಟ್ಟಿಯನ್ನು ಮೇಲೆ ಕೂರಿಸಲಾಗಿದೆ. ನೀರು ಸಂದಿಗೆ ಇಳಿಯುವ ಮೊದಲೇ ಪಟ್ಟಿಯ ಎರಡೂ ಬದಿಗೆ ಜಾರಿ ಹೋಗುತ್ತದೆ. ಮುಂಡರಗಿ ತಾಲ್ಲೂಕಿನದೇ ಆದ ಡಂಬಳದ ದೊಡ್ಡಬಸಪ್ಪ ಗುಡಿ, ಗದಗ ಪಕ್ಕದ ಲಕ್ಕುಂಡಿಯ ಗುಡಿಗಳು ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಕುಟಿಗರ ಕೈಚಳಕಕ್ಕೆ ಹೆಸರಾಗಿವೆ. ಸಾಮಾನ್ಯರ ಮನೆಯಲ್ಲಿ ಕಲ್ಲಿನ ಬದಲು ಮಣ್ಣು ಇದ್ದುದರಿಂದ ಅದೇ ಫಲವನ್ನು ಪಡೆಯಲು ಬೇರೆ ದಾರಿ ಬೇಕಾಯಿತು.

ಸವುಳು ಮಣ್ಣಿನ ಗುಣ

ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಗದಗ ಸೀಮೆಯ ಹೆಸರುವಾಸಿ ಎರೆಮಣ್ಣು ಹತ್ತಿ, ಕಡಲೆ, ಜೋಳಕ್ಕೆ ಒಳ್ಳೆಯದು, ಮಾಳಿಗೆಗೆ ಕೆಟ್ಟದ್ದು. ನೆಂದಾಗ ಅದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಬಿರುಕು ಬಿಟ್ಟ ಮಾಳಿಗೆಯಲ್ಲಿ ಮೊದಲ ಮಳೆಯ ನೀರು ನೇರ ಒಳಗೇ ಇಳಿಯುತ್ತದೆ. ಮಸಾರಿ ಮಣ್ಣು ಬಿರಿಯುವುದಿಲ್ಲ, ಆದರೆ ಮರಳು ಹೆಚ್ಚಾಗಿದ್ದರೆ ನೀರನ್ನು ಬಸಿದುಬಿಡುತ್ತದೆ. ಹಾಗಾಗಿ ಕೆಳಗಿನ ಹಾಸಿಗೆ ಮಸಾರಿ ಅಥವಾ ಹಾಳುಮಣ್ಣು, ಮೇಲಿನ ಹೊದಿಕೆಗೆ ಸವುಳು ಮಣ್ಣು ಎಂಬ ಪದ್ಧತಿ ನಿಂತಿತು. ಹಾಳುಮಣ್ಣು ಎಂದರೆ ಜನ ಬಿಟ್ಟುಹೋದ ಹಳೆಯ ಊರಿನ ದಿಬ್ಬದಿಂದ ಅಗೆದು ತರುವ, ಬೂದಿ ಬೆರೆತ ನಯವಾದ ಮಣ್ಣು.

ಸವುಳು ಮಣ್ಣು ಹಳ್ಳದ ದಂಡೆ, ತಗ್ಗಿನ ಬಂಜರಿನಲ್ಲಿ ಬೆಳ್ಳಗೆ ಉಪ್ಪುಹೂ ಬಿಟ್ಟು ಕಾಣುತ್ತದೆ. ಒಕ್ಕಲಿಗೆ ಅದು ಬೇಡದ ನೆಲ, ಏಕೆಂದರೆ ಅಲ್ಲಿ ಬೆಳೆ ಬರುವುದಿಲ್ಲ. ಮಾಳಿಗೆಗೆ ಬೇಕಾದುದೂ ಆ ಗುಣವೇ. ಇಂಥ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ನೀರು ತಾಗಿದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳಿಗೆಲ್ಲ ತುಂಬಿಕೊಳ್ಳುತ್ತವೆ. ಮೇಲೆ ನೀರು ಇಳಿಯದ ಒಂದು ಪದರ ಕಟ್ಟುತ್ತದೆ, ಉಳಿದ ಮಳೆ ಅದರ ಮೇಲೆ ಹರಿದು ದೋಣಿ ಸೇರುತ್ತದೆ. ಉಪ್ಪಿನ ಮಣ್ಣಿನಲ್ಲಿ ಹುಲ್ಲು ಹುಟ್ಟುವುದಿಲ್ಲ ಎನ್ನುವುದು ಎರಡನೆಯ ಲಾಭ. ಮಾಳಿಗೆಯ ಮೇಲೆ ಹುಲ್ಲು ಬೆಳೆದರೆ ಅದರ ಬೇರು ಸತ್ತು ಕೊಳೆತ ಮೇಲೆ ನೀರಿಗೆ ಕೊಳವೆಯಾಗುತ್ತದೆ. ಹೊಳೆಯಾಚೆ ಬಳ್ಳಾರಿ, ರಾಯಲಸೀಮೆಗಳಲ್ಲೂ ಮಾಳಿಗೆಗೆ ಇದೇ ಮಣ್ಣು. ಕೆಲವೆಡೆ ಮಣ್ಣಿಗೆ ಅಡುಗೆ ಉಪ್ಪನ್ನೇ ಬೆರೆಸುವ ರೂಢಿಯೂ ಇತ್ತು.

ಈ ಮಣ್ಣಿನ ಗುಣವನ್ನು ಚೆನ್ನಾಗಿ ಬಲ್ಲವರಲ್ಲಿ ಉಪ್ಪಾರರು ಮುಖ್ಯರು. ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು, ಒಣಗಿಸಿ ಉಪ್ಪು ತೆಗೆಯುವುದು ಅವರ ಕುಲಕಸುಬಾಗಿತ್ತು. ಬ್ರಿಟಿಷ್ ಸರಕಾರ ಉಪ್ಪಿನ ಮೇಲೆ ತನ್ನ ಹಿಡಿತ ಬಿಗಿ ಮಾಡಿ ಮಣ್ಣುಪ್ಪು ತೆಗೆಯುವುದನ್ನು ತಡೆದಾಗ ಆ ಕಸುಬು ಮುರಿಯಿತು. ಹಲವು ಉಪ್ಪಾರ ಕುಟುಂಬಗಳು ಮನೆ ಕಟ್ಟುವ, ಮಣ್ಣು ಅಗೆಯುವ, ಸುಣ್ಣ ಸುಡುವ ಕೆಲಸಕ್ಕೆ ಹೊರಳಿದವು. ಉಪ್ಪಿನ ಮಡಿಗಳಲ್ಲಿ ಕಲಿತದ್ದು ಗೌಂಡಿ ಕೆಲಸದಲ್ಲಿ ಉಪಯೋಗಕ್ಕೆ ಬಂತು.

ಬೆಳಕಿಂಡಿ

ಜಂತಿಗಳ ನಡುವೆ ತೆರಪು ಬಿಟ್ಟು ಮಾಳಿಗೆಯ ಮಣ್ಣಿನ ಪೂರ್ತಿ ದಪ್ಪವನ್ನು ಹಾಯ್ದು ಹೋಗುವಂತೆ ಮಾಡಿದ ತೂತೇ ಬೆಳಕಿಂಡಿ. ಪಡಸಾಲೆಗೆ ಒಂದು, ಅಡುಗೆಮನೆಗೆ ಒಂದು ಸಾಮಾನ್ಯ; ದೊಡ್ಡ ಮನೆಯಲ್ಲಿ ಹೆಚ್ಚು. ಅಡುಗೆಮನೆಯ ಕಿಂಡಿಯನ್ನು ಒಲೆಯ ನೇರ ಮೇಲೆ ಇಡದೆ ಸ್ವಲ್ಪ ಸರಿಸಿ ಇಡುವುದುಂಟು. ಮಳೆಹನಿ ಒಳಗೆ ಬಿದ್ದರೂ ಬೆಂಕಿಗಾಗಲಿ ಗಡಿಗೆಗಾಗಲಿ ತಾಗಬಾರದು ಎನ್ನುವುದು ಲೆಕ್ಕ. ಬಿಸಿ ಹೊಗೆ ಹಗುರಾಗಿ ಮೇಲೇರುತ್ತದೆ, ಜಂತಿಗಳ ಕೆಳಗೆ ಹರಡುತ್ತದೆ, ಕಿಂಡಿ ಸಿಕ್ಕ ಕಡೆ ಹೊರಬೀಳುತ್ತದೆ. ಎತ್ತರದ ಚಿಮಣಿಯಷ್ಟು ಸೆಳೆತ ಇದಕ್ಕೆ ಇಲ್ಲ, ಆದ್ದರಿಂದ ಅಡುಗೆಮನೆಯಲ್ಲಿ ಹೊಗೆ ಸದಾ ಸ್ವಲ್ಪ ಉಳಿದೇ ಇರುತ್ತಿತ್ತು. ಒಲೆಯ ಮುಂದೆ ಕೂತ ಹೆಂಗಸರ ಕಣ್ಣು, ಉಸಿರು ಇದರ ಬೆಲೆ ತೆತ್ತವು. ಇನ್ನೊಂದು ಕಡೆ ಅದೇ ಹೊಗೆ ಜಂತಿ, ತೊಲೆಗಳಿಗೆ ಕರಿ ಲೇಪ ಬಳಿದು ಗೆದ್ದಲು, ಕೊರೆಹುಳಗಳನ್ನು ದೂರ ಇಟ್ಟಿತು. ಜೋಳದ ತೆನೆ, ಬೀಜದ ಕಾಳನ್ನು ಒಲೆಯ ಮೇಲಿನ ಜಂತಿಗೆ ತೂಗುಹಾಕುತ್ತಿದ್ದುದೂ ಇದೇ ಕಾರಣಕ್ಕೆ.

ಮಾಳಿಗೆಯಲ್ಲಿ ನೀರಿಗೆ ಎಲ್ಲಕ್ಕಿಂತ ಸುಲಭವಾಗಿ ಸೋಲುವ ಜಾಗ ಬೆಳಕಿಂಡಿಯ ಬಾಯಿ. ಅಲ್ಲಿ ಮಣ್ಣಿನ ಹಾಸು ಕತ್ತರಿಸಿಹೋಗಿರುತ್ತದೆ, ಕೆಳಗಿನ ಸೊಪ್ಪು, ಕಟ್ಟಿಗೆಯ ತುದಿಗಳು ಬಯಲಾಗಿರುತ್ತವೆ. ಇದನ್ನು ಕಾಯಲು ನಾಲ್ಕು ಉಪಾಯಗಳು ಬಳಕೆಯಲ್ಲಿದ್ದವು. ಮೊದಲನೆಯದು ಕಟ್ಟೆ. ಕಿಂಡಿಯ ಸುತ್ತ ಕಲ್ಲು, ಮಣ್ಣಿನಿಂದ ಗೇಣೆತ್ತರದ ಅಂಚು ಕಟ್ಟಿ ಮಾಳಿಗೆಯ ಮೇಲೆ ಹರಿಯುವ ನೀರು ಒಳನುಗ್ಗದಂತೆ ಮಾಡುತ್ತಿದ್ದರು. ಎರಡನೆಯದು ಇಳಿಜಾರು. ಕಟ್ಟೆಯ ಬುಡದಲ್ಲಿ ನೀರು ನಿಂತರೆ ಒಳಗೆ ಜಿನುಗುವುದು ಖಂಡಿತ, ಆದ್ದರಿಂದ ಬುಡಕ್ಕೆ ಮಣ್ಣು ಏರಿಸಿ, ನುಣ್ಣಗೆ ತೀಡಿ, ನೀರು ಸುತ್ತಿ ಹೋಗುವಂತೆ ಮಾಡುವುದು. ಮೂರನೆಯದು ಒಳಗಿನ ಆಸರೆ. ತಳ ಒಡೆದ ಗಡಿಗೆಯನ್ನೋ ಕುಂಬಾರನಿಂದ ಮಾಡಿಸಿದ ಸುಟ್ಟಮಣ್ಣಿನ ಬಳೆಯನ್ನೋ ಕಿಂಡಿಯೊಳಗೆ ಇಳಿಸಿದರೆ ಕತ್ತರಿಸಿದ ಮಣ್ಣು ಉದುರುವುದಿಲ್ಲ, ಕಟ್ಟಿಗೆಯ ತುದಿ ನೆನೆಯುವುದಿಲ್ಲ. ನಾಲ್ಕನೆಯದು ಮುಚ್ಚಳ. ತೆಳು ಬಂಡೆ, ಹಳೆಯ ಹರವಿಯ ಚೂರು, ಮುಂದಿನ ಕಾಲದಲ್ಲಿ ತಗಡು.

ಮುಚ್ಚಳವೇ ಈ ಪದ್ಧತಿಯ ದೊಡ್ಡ ಕೊರತೆ. ಮಳೆ ಬಂದಾಗ ಮುಚ್ಚಿದರೆ ಹೊಗೆ ಒಳಗೇ ಉಳಿಯುತ್ತದೆ, ತೆರೆದರೆ ನೀರು ಬರುತ್ತದೆ. ಮೋಡ ಕವಿದಾಗ ಮನೆಯ ಯಾರಾದರೂ ಏಣಿ ಹತ್ತಿ ಬಂಡೆ ಸರಿಸಬೇಕು, ಮಳೆ ನಿಂತ ಮೇಲೆ ಮತ್ತೆ ಹತ್ತಿ ತೆಗೆಯಬೇಕು. ಕೆಲವರು ಬಂಡೆಯನ್ನು ಮೂರು ಕಲ್ಲಿನ ಮೇಲೆ ಎತ್ತರಿಸಿ ಇಟ್ಟರು. ಆಗ ಹೊಗೆ ಬದಿಯಿಂದ ಹೊರಹೋಗುತ್ತದೆ, ನೆಟ್ಟಗೆ ಬೀಳುವ ಮಳೆ ಒಳಬರುವುದಿಲ್ಲ. ಗಾಳಿಯ ಜೊತೆ ಓರೆಯಾಗಿ ಬೀಸುವ ಮಳೆಯ ಇರಚಲು ಮಾತ್ರ ಒಳಗೆ ಬರುತ್ತದೆ. ಚಿಮಣಿಯ ಟೋಪಿಯೂ ಇದೇ ತತ್ವದ ಮೇಲೆ ನಿಂತಿದೆ.

ವರ್ಷಕ್ಕೊಮ್ಮೆ ಬರುವ ಕೆಲಸ

ಯುಗಾದಿಯ ನಂತರ, ಸುಗ್ಗಿ ಮುಗಿದು ಕೈ ಬಿಡುವಾದಾಗ ಮಾಳಿಗೆಗೆ ಮಣ್ಣು ಹಾಕುವ ಕಾಲ. ಚಕ್ಕಡಿಯಲ್ಲಿ ಸವುಳು ಮಣ್ಣು ತಂದು ಮನೆಯ ಮುಂದೆ ಗುಡ್ಡೆ ಹಾಕುವರು; ಬುಟ್ಟಿಯಲ್ಲಿ ಹೊತ್ತು ಮೇಲೇರಿಸುವರು. ಹುಲ್ಲು ಕಿತ್ತು, ಇಲಿ ತೋಡಿದ ಬಿಲ ಮುಚ್ಚಿ, ದೋಣಿಯ ಕಸ ತೆಗೆದು, ಬೆಳಕಿಂಡಿಯ ಕಟ್ಟೆಗೆ ಹೊಸ ಮಣ್ಣು ಮೆತ್ತಿ, ಆಮೇಲೆ ಇಡೀ ಮಾಳಿಗೆಗೆ ತೆಳುವಾದ ಹಾಸು ಹರಡುವರು. ಇದೆಲ್ಲ ರೋಹಿಣಿ ಮಳೆಗೆ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ ಮುಗಿಯಬೇಕು. ಮೊದಲ ಮಳೆ ಹಸಿ ಹಾಸನ್ನು ಕೂರಿಸುತ್ತದೆ. ಎಲ್ಲಿ ಸೋರುತ್ತದೆ ಎಂಬುದನ್ನು ಕೆಳಗಿನಿಂದ ನೋಡಿಕೊಂಡು ಆ ಜಾಗವನ್ನು ತುಳಿದು, ಮಣ್ಣು ಹಾಕಿ ಗಟ್ಟಿ ಮಾಡುತ್ತಿದ್ದರು. ಮಳೆಗಾಲಕ್ಕೆಂದು ಒಂದಿಷ್ಟು ಒಣ ಸವುಳು ಮಣ್ಣನ್ನು ಮನೆಯೊಳಗೇ ಕಾದಿಡುವುದು ಜಾಣತನ.

ಮಾಳಿಗೆಗೆ ಬಿರುಮಳೆಗಿಂತ ಜಡಿಮಳೆ ಹೆಚ್ಚು ಅಪಾಯ. ಒಂದು ತಾಸು ಜೋರಾಗಿ ಸುರಿದ ಮಳೆ ಹರಿದುಹೋಗುತ್ತದೆ. ಮಣ್ಣಿನ ಮೇಲ್ಪದರ ಮಾತ್ರ ನೆನೆಯುತ್ತದೆ. ಮೂರು ನಾಲ್ಕು ದಿನ ಬಿಡದೆ ಜಿಟಿಜಿಟಿ ಹಿಡಿದರೆ ನೀರು ನಿಧಾನವಾಗಿ ಕೆಳಗಿಳಿದು ಸೊಪ್ಪಿನ ಹಾಸನ್ನು ಮುಟ್ಟುತ್ತದೆ. ಒಂದು ಅಡಿ ದಪ್ಪದ ಒಣ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ವರ್ಷ ವರ್ಷವೂ ಹೊಸ ಮಣ್ಣು ಹಾಕುತ್ತ ಹಳೆಯದನ್ನು ಕೆರೆದು ತೆಗೆಯದಿದ್ದರೆ ಹೊರೆ ಏರುತ್ತ ಹೋಗಿ ಜಂತಿ ಬಾಗುತ್ತದೆ, ಬಾಗಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಜಂತಿಯನ್ನು ಕೊಳೆಸುತ್ತದೆ. ಈ ಸೀಮೆಗೆ ಹೆಚ್ಚಿನ ಮಳೆ ತರುವ ಕಾಲ ಸೆಪ್ಟೆಂಬರ್, ಅಕ್ಟೋಬರ್. ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹೊತ್ತಿಗೆ ಬೇಸಿಗೆಯಲ್ಲಿ ಹಾಕಿದ ಮಣ್ಣು ಮುಂಗಾರಿನ ಏಟಿಗೆ ತೆಳುವಾಗಿರುತ್ತದೆ. ಬೆಳಕಿಂಡಿಯ ಕಟ್ಟೆಯನ್ನು ಹಿಂಗಾರಿಗೆ ಮೊದಲು ಮತ್ತೊಮ್ಮೆ ತೀಡುವ ಅಗತ್ಯ ಬರುತ್ತಿದ್ದುದು ಇದರಿಂದಲೇ.

ಸೋರುವ ಮಾಳಿಗೆ ಈ ಭಾಗದ ಜನಕ್ಕೆ ಎಷ್ಟು ಪರಿಚಿತವಾಗಿತ್ತು ಎನ್ನುವುದಕ್ಕೆ ಶಿಗ್ಗಾವಿ ಸೀಮೆಯ ಶಿಶುನಾಳ ಶರೀಫರು (1819–1889) ಸಾಕ್ಷಿ. ಅವರ ಬಹು ಪ್ರಸಿದ್ಧ ತತ್ವಪದವೊಂದು ಮನುಷ್ಯನ ಅಜ್ಞಾನವನ್ನು ಹೇಳಲು ಸೋರುವ ಮಾಳಿಗೆಯನ್ನೇ ರೂಪಕವಾಗಿ ಹಿಡಿಯಿತು. ಕೇಳುವವರಲ್ಲಿ ಪ್ರತಿಯೊಬ್ಬರೂ ಮಳೆಯಲ್ಲಿ ಮಾಳಿಗೆ ಹತ್ತಿದವರೇ ಆಗಿದ್ದ ಕಾಲದ ಪದ ಅದು.

ಗಚ್ಚು, ಹಂಚು, ತಗಡು

ದೇಸಾಯಿ, ದೇಶಪಾಂಡೆಗಳ ವಾಡೆಗಳಲ್ಲಿ ಮಾಳಿಗೆಗೆ ಮಣ್ಣಿನ ಮೇಲೆ ಗಚ್ಚು ಬಂತು. ಸುಟ್ಟ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಅರೆದು ಮಾಡಿದ ಗಾರೆ ಅದು. ಹಾಕಿದ ಮೇಲೆ ದಿನಗಟ್ಟಲೆ ಬಡಿದು, ನೀರುಣಿಸಿ ಆರಿಸಬೇಕು. ಗಚ್ಚಿನ ಮಾಳಿಗೆಯಲ್ಲಿ ಬೆಳಕಿಂಡಿಯ ಕಟ್ಟೆಯನ್ನೂ ಗಚ್ಚಿನಿಂದಲೇ ಮೂಲೆ ಉಳಿಯದಂತೆ ಗುಂಡಗೆ ತಿರುಗಿಸಿ ಮಾಡುತ್ತಿದ್ದರು. ಮೂಲೆ ಇದ್ದಲ್ಲಿ ಬಿರುಕು ಹುಟ್ಟುತ್ತದೆ. ಗುಂಡಗೆ ತಿರುಗಿಸಿದಲ್ಲಿ ನೀರು ನಿಲ್ಲದೆ ಜಾರುತ್ತದೆ. ಹಣ, ಕೆಲಸಗಾರರು, ಹೊತ್ತು ಮೂರೂ ಬೇಕಾದ ಈ ಕೆಲಸ ಸಾಮಾನ್ಯ ಒಕ್ಕಲಿಗನ ಕೈಗೆ ಎಟುಕಲಿಲ್ಲ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಒಂದರೊಳಗೊಂದು ಕೂರುವ ಮಂಗಳೂರು ಹಂಚು ಮುಂದಿನ ದಶಕಗಳಲ್ಲಿ ನಾಡಿನಾದ್ಯಂತ ಹರಡಿತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಗದಗಕ್ಕೆ ಬಂದ ಮೇಲೆ ಹಂಚು, ಕಬ್ಬಿಣದ ತಗಡು, ಸಿಮೆಂಟು ಬಯಲಿಗೂ ದೊರೆಯತೊಡಗಿದವು. ಗದಗ-ಬೆಟಗೇರಿಯ ಹತ್ತಿ ಗಿರಣಿಗಳ ಇಟ್ಟಿಗೆ ಚಿಮಣಿಗಳನ್ನು ಜನ ನೋಡಿದ್ದೂ ಆ ಕಾಲದಲ್ಲೇ. ಪೇಟೆಯ ಶಾಲೆ, ಕಚೇರಿ, ರೈಲ್ವೆ ಕಟ್ಟಡಗಳು ಹಂಚು ಹೊದ್ದವು. ಹಂಚಿನ ಮನೆಯಲ್ಲಿ ಬೆಳಕಿಗೆ ಗಾಜಿನ ಹಂಚು ಸಾಕು. ಹೊಗೆ ಹಂಚಿನ ಸಂದುಗಳಿಂದಲೇ ಜಾರುತ್ತಿತ್ತು. ಹಳ್ಳಿಯ ಮಾಳಿಗೆ ಮಾತ್ರ ಮಣ್ಣಿನದಾಗಿಯೇ ಉಳಿಯಿತು. ತಗಡು ಅಲ್ಲಿಗೆ ಬಂದದ್ದು ಮಾಡಾಗಿ ಅಲ್ಲ, ಬೆಳಕಿಂಡಿಯ ಮುಚ್ಚಳವಾಗಿ. ಕಲ್ಲಿಗಿಂತ ಹಗುರ, ಮಗುವೂ ಸರಿಸಬಲ್ಲದು, ಆದರೆ ಗಾಳಿಗೆ ಹಾರುತ್ತದೆ; ಹಾಗಾಗಿ ಮೇಲೊಂದು ಕಲ್ಲು ಹೇರುವುದು ರೂಢಿಯಾಯಿತು.

ಹೊಗೆಕೊಳವೆ ಬಂದ ಕಾಲ

ಹಳ್ಳಿಯ ಅಡುಗೆಮನೆಗೆ ನಿಜವಾದ ಚಿಮಣಿ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿ ಅವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಅಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಮೂರು ಪಾತ್ರೆಗಳ ಮಣ್ಣಿನ ಒಲೆ ‘ಅಸ್ತ್ರ ಒಲೆ’ ಎಂದೇ ಹೆಸರಾಯಿತು. ಕಟ್ಟಿಗೆಯ ಉಳಿತಾಯ ಮತ್ತು ಹೊಗೆಯಿಲ್ಲದ ಅಡುಗೆಮನೆ ಅದರ ಗುರಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ರಾಜ್ಯದ ಹಳ್ಳಿಗಳಿಗೆ ತಲುಪಿಸಲು ಕೆಲಸ ಮಾಡಿತು. ಕೇಂದ್ರ ಸರಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದ ನಡುವೆ ಶುರುವಾಗಿ 2002ರವರೆಗೆ ನಡೆಯಿತು.

ಈ ಒಲೆಗಳ ಹಿಂಬದಿಯಿಂದ ಸಿಮೆಂಟಿನ ಹೊಗೆಕೊಳವೆ ಮೇಲೇರಿ ಮಾಡನ್ನು ತೂರಿ ಹೊರಗೆ ಟೋಪಿ ಹಾಕಿಕೊಂಡು ನಿಲ್ಲುತ್ತದೆ. ಹೊಗೆಯ ಸೆಳೆತ ಬೆಳಕಿಂಡಿಗಿಂತ ಎಷ್ಟೋ ಪಾಲು ಉತ್ತಮ. ನೀರಿನ ತೊಡಕು ಮಾತ್ರ ಹೊಸ ರೂಪ ತಾಳಿತು. ಸುಡುವ ಕೊಳವೆ ಹಿಗ್ಗಿ ಕುಗ್ಗುತ್ತದೆ, ಸುತ್ತಲಿನ ಮಣ್ಣು ಒಣಗಿ ಹಿಂಜರಿಯುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಗಾಳಿಗೆ ಕೊಳವೆ ಅಲುಗಿದಾಗಲೆಲ್ಲ ಸಂದು ಅಗಲವಾಗುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಕೊಳವೆಯ ಬುಡಕ್ಕೆ ಸಿಮೆಂಟು ಮೆತ್ತುವುದು ಉಪಾಯವೆಂದು ತೋರಿದರೂ ಅದು ಹೆಚ್ಚು ದಿನ ನಿಲ್ಲದು. ಗಡುಸಾದ ಸಿಮೆಂಟು ಮತ್ತು ಅಲುಗುವ ಮಣ್ಣು ಒಂದಕ್ಕೊಂದು ಅಂಟುವುದಿಲ್ಲ. ಸಿಮೆಂಟಿನ ಬಳೆಯ ಸುತ್ತಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಹಳೆಯ ಬೆಳಕಿಂಡಿಯ ಕಟ್ಟೆಯಂತೆ ಬುಡಕ್ಕೆ ಸವುಳು ಮಣ್ಣು ಏರಿಸಿ ವರ್ಷವೂ ತೀಡಿದಲ್ಲಿ ಸೋರಿಕೆ ಕಡಿಮೆ.

ಎರಡನೆಯ ತೊಡಕು ಟೋಪಿಯದು. ಟೋಪಿ ಒಡೆದರೆ ಅಥವಾ ಬಿದ್ದುಹೋದರೆ ಮಳೆನೀರು ಕೊಳವೆಯೊಳಗೆ ನೇರ ಇಳಿಯುತ್ತದೆ. ಕೊಳವೆಯ ಒಳಮೈಗೆ ಕಟ್ಟಿದ ಇಲ್ಲಣ ನೀರಿನಲ್ಲಿ ಕದಡಿ ಕಪ್ಪು ರಾಡಿಯಾಗಿ ಒಲೆಗೆ ಬೀಳುತ್ತದೆ, ಮಣ್ಣಿನ ಒಲೆ ಕರಗುತ್ತದೆ, ಗೋಡೆಯ ಮೇಲೆ ಕಂದು ಕಲೆ ಮೂಡುತ್ತದೆ. ಸುಣ್ಣ ಬಳಿದರೂ ಆ ಕಲೆ ಮತ್ತೆ ಮತ್ತೆ ಎದ್ದುಬರುತ್ತದೆ. ಒಳಗೆ ಕಟ್ಟಿದ ಮಸಿಯನ್ನು ಕಾಲಕಾಲಕ್ಕೆ ಬಡಿದು ತೆಗೆಯದಿದ್ದರೆ ಸೆಳೆತವೂ ನಿಂತು ಹೊಗೆ ಮನೆಯೊಳಗೆ ಮರಳುತ್ತದೆ. ದೇಶದ ಬೇರೆಡೆಯಂತೆ ಇಲ್ಲಿಯೂ ಸುಧಾರಿತ ಒಲೆಗಳಲ್ಲಿ ಹಲವು ಮೂಲೆಗೆ ಬಿದ್ದುದಕ್ಕೆ ಕೊಳವೆಯ ಆರೈಕೆ ಇಲ್ಲದಿದ್ದುದೂ ಒಂದು ಕಾರಣ.

ಮಣ್ಣಿನ ಮಾಳಿಗೆಯ ಕೊನೆಗಾಲ

ಬೆಳಕಿಂಡಿಯ ಉಪಯೋಗ ಒಂದೊಂದಾಗಿ ಕಳಚಿತು. 1980ರ ಆಸುಪಾಸಿನಲ್ಲಿ ಶುರುವಾದ ರಾಜ್ಯ ಸರಕಾರದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ವಿದ್ಯುತ್ ದೀಪ ಕೊಟ್ಟಿತು. ಬೆಳಕಿಗಾಗಿ ಕಿಂಡಿ ಬೇಕಿಲ್ಲವಾಯಿತು. ಮೇ 2016ರಲ್ಲಿ ಆರಂಭವಾದ ಉಜ್ವಲ ಯೋಜನೆ ಹಳ್ಳಿಮನೆಗಳಿಗೆ ಅಡುಗೆ ಅನಿಲ ತಂದ ಮೇಲೆ ಹೊಗೆಗಾಗಿಯೂ ಬೇಕಿಲ್ಲವಾಯಿತು. ಎಷ್ಟೋ ಮನೆಗಳಲ್ಲಿ ಕಿಂಡಿಗೆ ಗಾಜು ಅಥವಾ ತಗಡು ಕೂರಿಸಿ ಕಾಯಂ ಮುಚ್ಚಿದರು. ಹೊಗೆ ನಿಂತ ಮನೆಯಲ್ಲಿ ಜಂತಿಗೆ ಕರಿಯ ಲೇಪವೂ ನಿಂತಿತು, ಗೆದ್ದಲಿಗೆ ಇದ್ದ ತಡೆ ಹೋಯಿತು. ಇದೇ ಕಾಲದಲ್ಲಿ ದುಡಿಮೆಗೆಂದು ಜನ ಊರು ಬಿಡುವುದು ಹೆಚ್ಚಾಗಿ, ಬೇಸಿಗೆಯಲ್ಲಿ ಮಾಳಿಗೆಗೆ ಮಣ್ಣು ಹಾಕುವ ಕೈಗಳು ಕಡಿಮೆಯಾದವು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಸುರಿದ ಮಳೆ ಈ ಮನೆಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಹೊಳೆ ಉಕ್ಕಿದ ಊರುಗಳಲ್ಲಷ್ಟೇ ಅಲ್ಲ, ಹೊಳೆಯಿಂದ ದೂರದ ಊರುಗಳಲ್ಲೂ ನೆನೆದ ಮಾಳಿಗೆ, ಗೋಡೆಗಳು ಕುಸಿದವು. ಸರಕಾರ ‘ಆಸರೆ’ ಹೆಸರಿನಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಕೊರ್ಲಹಳ್ಳಿಯ ನೆರೆಯಲ್ಲಿ, ಶಿಂಗಟಾಲೂರು ಏತ ನೀರಾವರಿ ಯೋಜನೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಸಿಕ್ಕ ಬಿದರಳ್ಳಿ, ಗುಮ್ಮಗೋಳ, ವಿಠಲಾಪುರದಂಥ ಊರುಗಳು ಬೇರೆ ಜಾಗಕ್ಕೆ ಸರಿಯಬೇಕಾಯಿತು. ಹೊಸದಾಗಿ ಎದ್ದ ಮನೆಗಳು ಸಿಮೆಂಟಿನವು. ತುಂಗಭದ್ರೆಯ ಮರಳು ಅವಕ್ಕೆ ಮುಖ್ಯ ಸಾಮಗ್ರಿ.

ಸಿಮೆಂಟಿನ ಮನೆಯಲ್ಲೂ ಹೊಗೆಯ ದಾರಿ ಪೂರ್ತಿ ಮುಚ್ಚಿಲ್ಲ. ಅಡುಗೆ ಅನಿಲ ಬಂದ ಮೇಲೂ ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಗೆ, ಹಬ್ಬದ ಹೋಳಿಗೆ, ದಿನದ ಜೋಳದ ರೊಟ್ಟಿಗೆ ಕಟ್ಟಿಗೆ, ಕುಳ್ಳು ಇನ್ನೂ ಬಳಕೆಯಲ್ಲಿವೆ. ಆ ಒಲೆಗಳ ಕೊಳವೆ ಸ್ಲ್ಯಾಬನ್ನು ತೂರಿ ಹೋಗುತ್ತದೆ. ಸ್ಲ್ಯಾಬ್ ಹಾಕುವಾಗಲೇ ತೂತು ಬಿಡದೆ ಆಮೇಲೆ ಒಡೆದು ಕೊಳವೆ ಇಳಿಸಿದ ಮನೆಗಳಲ್ಲಿ ಒಳಗಿನ ಸರಳು ಬಯಲಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ. ಮಣ್ಣಿನ ಮಾಳಿಗೆ ಸೋರಿದರೆ ಅದೇ ದಿನ ಕಾಣುತ್ತಿತ್ತು, ಬುಟ್ಟಿ ಮಣ್ಣಿನಿಂದ ಸರಿಹೋಗುತ್ತಿತ್ತು. ಸ್ಲ್ಯಾಬಿನೊಳಗಿನ ತುಕ್ಕು ಕಣ್ಣಿಗೆ ಬೀಳುವ ಹೊತ್ತಿಗೆ ಹಲವು ಮಳೆಗಾಲ ಕಳೆದಿರುತ್ತವೆ.

ಆದ್ದರಿಂದ ಹಳೆಯ ಗೌಂಡಿಗಳ ನಾಲ್ಕು ಉಪಾಯಗಳು ಹೊಸ ಸಾಮಗ್ರಿಯಲ್ಲೂ ಹಾಗೆಯೇ ಉಳಿದಿವೆ. ತೂತಿನ ಸುತ್ತ ಎತ್ತರದ ಕಟ್ಟೆ ಬೇಕು. ಈಗ ಅದನ್ನು ಸ್ಲ್ಯಾಬಿನ ಜೊತೆಗೇ ಎರಕ ಹೊಯ್ಯುತ್ತಾರೆ. ಬುಡದಲ್ಲಿ ನೀರು ನಿಲ್ಲದ ಇಳಿಜಾರು ಬೇಕು. ಕೊಳವೆಗೂ ಕಾಂಕ್ರೀಟಿಗೂ ನಡುವೆ ದೊಡ್ಡ ಅಳತೆಯ ಇನ್ನೊಂದು ಕೊಳವೆಯ ತುಂಡು ಬೇಕು. ಗಡಿಗೆಯ ಬಳೆ ಮಾಡುತ್ತಿದ್ದ ಕೆಲಸ ಅದು, ಬಿಸಿ ಕೊಳವೆ ಹಿಗ್ಗಲು ಜಾಗವನ್ನೂ ಕೊಡುತ್ತದೆ. ಒಳಕೊಳವೆಗೆ ಕಟ್ಟೆಯ ಮೇಲೆ ಚಾಚಿ ಬೀಳುವ ತಗಡಿನ ಲಂಗ, ತುದಿಗೆ ಹೊಗೆ ಬದಿಯಿಂದ ಹೋಗಬಲ್ಲ ಟೋಪಿ ಇದ್ದರೆ ಮುಚ್ಚಳದ ಕೆಲಸವೂ ಮುಗಿಯಿತು. ಏಣಿ ಹತ್ತಿ ಬಂಡೆ ಸರಿಸುವ ಗೋಜಿಲ್ಲ.

ಐದನೆಯದೊಂದು ಮಾತ್ರ ಸಾಮಗ್ರಿಯಿಂದ ಬರುವುದಿಲ್ಲ. ಕೊರ್ಲಹಳ್ಳಿ ಸೀಮೆಯ ಮಣ್ಣಿನ ಮಾಳಿಗೆಗಳು ತಲೆಮಾರುಗಳ ಕಾಲ ನಿಂತದ್ದು ಪ್ರತಿ ಬೇಸಿಗೆಯಲ್ಲೂ ಯಾರೋ ಒಬ್ಬರು ಮೇಲೆ ಹತ್ತಿ ನೋಡುತ್ತಿದ್ದುದರಿಂದ. ಬಿದ್ದದ್ದು ಆ ರೂಢಿ ತಪ್ಪಿದ ಮೇಲೆ, ಇಲ್ಲವೆ ಮಾಳಿಗೆಯ ಶಕ್ತಿ ಮೀರಿದ ಜಡಿಮಳೆಯಲ್ಲಿ. ಮಾಡು ಮಣ್ಣಿನದಿರಲಿ ಸಿಮೆಂಟಿನದಿರಲಿ, ಹೊಗೆಕೊಳವೆಯ ಬುಡ, ಟೋಪಿ ಮತ್ತು ನೀರು ಹೋಗುವ ದಾರಿಯನ್ನು ರೋಹಿಣಿ ಮಳೆಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಮೇಲೇರಿ ಪರೀಕ್ಷಿಸುವುದು ಈಗಲೂ ಅಗತ್ಯ.